ಆ ಕಾಗದದ ಕೆಳಗೆ ಸಹಿ ಹಾಕುವವರು ಯಾರು?

ಸ್ನಾತಕೋತ್ತರ ಓದಿಗೆಂದು ನಾನು ಸೇರಿದ ಖಾಸಗಿ ವಿನ್ಯಾಸ ಸಂಸ್ಥೆಯ ಬಾಗಿಲಿಗೆ ಪ್ರವೇಶದ ದಿನ ಕಟ್ಟಿದ್ದ ಫ್ಲೆಕ್ಸ್‌ನಲ್ಲಿ ‘ಡಿಜಿಟಲ್ ದೃಶ್‌ಯ ಸಂವಹನ ವಿನ್‌ಯಾಸ ವಿಭಾಗಕ್‌ಕೆ ಸ್‌ವಾಗತ’ ಎಂದಿತ್ತು. ಒಂದು ಒತ್ತಕ್ಷರವೂ ಕೆಳಗಿಳಿದಿರಲಿಲ್ಲ. ದಾವಣಗೆರೆಯಲ್ಲಿ ಎರಡು ವರ್ಷ ಫ್ಲೆಕ್ಸ್ ಅಂಗಡಿಯಲ್ಲಿ ಕುಳಿತು ಗೃಹಪ್ರವೇಶ, ಹುಟ್ಟುಹಬ್ಬ, ಶ್ರದ್ಧಾಂಜಲಿ ಎಲ್ಲವನ್ನೂ ಜೋಡಿಸಿದವಳು ನಾನು. ಸಾಫ್ಟ್‌ವೇರ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ತೆರೆಯದೆ ಕನ್ನಡ ಅಂಟಿಸಿದರೆ ಹೀಗಾಗುತ್ತದೆಂದು ನನಗೆ ಗೊತ್ತಿತ್ತು. ಸರಿಪಡಿಸಲು ಒಂದು ನಿಮಿಷ ಸಾಕು. ನಕ್ಕೆ, ಫೋಟೊ ತೆಗೆದು ಗೆಳತಿಗೆ ಕಳುಹಿಸಿದೆ, ಒಳಗೆ ಹೋಗಿ 40 ಸಾವಿರ ರೂಪಾಯಿ ಮುಂಗಡ ಕಟ್ಟಿದೆ. ದೃಶ್ಯ ಸಂವಹನ ಕಲಿಸುವ ಜಾಗದಲ್ಲಿ ಬಾಗಿಲ ಮೇಲಿನ ಆರು ಪದಗಳನ್ನು ನೋಡಿದವರು ಯಾರೂ ಇಲ್ಲವೆಂಬುದು ಅಂದೇ ಹೊಳೆಯಬೇಕಿತ್ತು.

ಇದು 2022ರ ಆಗಸ್ಟ್‌ನ ಮಾತು. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಅದರ ಹೆಸರು ಈಗಾಗಲೇ ಒಮ್ಮೆ ಬದಲಾಗಿದೆ, ಮತ್ತೆ ಬದಲಾದರೆ ನನ್ನ ಬರಹದಿಂದ ಯಾರಿಗೂ ಉಪಯೋಗವಾಗದು. ವ್ಯವಹಾರದ ರೀತಿ ಮಾತ್ರ ಎಲ್ಲೆಡೆ ಒಂದೇ, ಅದನ್ನು ಗುರುತಿಸಲು ಬಂದರೆ ಸಾಕು.

ನಾನು ಅನ್ವಯಿಕ ಕಲೆಯಲ್ಲಿ ಬಿ.ಎಫ್.ಎ., ಅಂದರೆ ಲಲಿತಕಲಾ ಪದವಿ, ಮಾಡಿದ್ದೆ. ಅಪ್ಪ ಚೌಕಿಪೇಟೆಯ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ನನ್ನ ಆಸೆ ದೊಡ್ಡದೇನಲ್ಲ: ಸ್ನಾತಕೋತ್ತರ ಪದವಿ ಮಾಡಿಕೊಂಡು ಒಂದೆರಡು ವರ್ಷ ಬೆಂಗಳೂರಿನ ಸ್ಟುಡಿಯೊದಲ್ಲಿ ದುಡಿದು, ಆಮೇಲೆ ಯಾವುದಾದರೂ ಕಲಾ ಕಾಲೇಜಿನಲ್ಲಿ ಪಾಠ ಹೇಳುವುದು. ಸಂಸ್ಥೆಯ ಸಲಹೆಗಾರ್ತಿ ಫೋನಿನಲ್ಲಿ ಇಪ್ಪತ್ತು ಸಲವಾದರೂ ‘ಮಾಸ್ಟರ್ಸ್ ಡಿಗ್ರಿ’ ಎಂದಿದ್ದರು. ಎರಡು ವರ್ಷಕ್ಕೆ ಒಟ್ಟು ಶುಲ್ಕ 6 ಲಕ್ಷದ 40 ಸಾವಿರ. ಕೈಗಿತ್ತ ಪರಿಚಯ ಪುಸ್ತಿಕೆಯಲ್ಲಿ 22 ಪುಟ, ಹೊಳೆಯುವ ಕಾಗದ. ಎರಡು ವರ್ಷ ಕಳೆದ ಮೇಲೆ ಅದನ್ನು ಪೆನ್ಸಿಲ್ ಹಿಡಿದು ಓದಿದೆ. ‘ಮಾಸ್ಟರ್ಸ್ ಪ್ರೋಗ್ರಾಂ’ ಎಂದು 31 ಕಡೆ ಇದೆ. ‘ಪದವಿ’ ಅಥವಾ ‘ಡಿಗ್ರಿ’ ಎಂಬ ಶಬ್ದ ಒಂದು ಕಡೆಯೂ ಇಲ್ಲ. ಬಾಯಲ್ಲಿ ಹೇಳಿದ್ದು ಒಂದು, ಅಚ್ಚಿನಲ್ಲಿ ಇದ್ದುದು ಇನ್ನೊಂದು. ಇಷ್ಟು ಎಚ್ಚರದಿಂದ ಬರೆದವರಿಗೆ ಒತ್ತಕ್ಷರದ ಮೇಲೆ ಮಾತ್ರ ಎಚ್ಚರವಿರಲಿಲ್ಲ.

ಹಿಂಬದಿಯ ಪುಟದಲ್ಲಿ ‘ಐಎಸ್‌ಒ 9001 ಪ್ರಮಾಣಿತ’ ಎಂಬ ಮುದ್ರೆಯಿತ್ತು. ಅಪ್ಪನಿಗೆ ಧೈರ್ಯ ಬಂದದ್ದು ಅದರಿಂದಲೇ. ಆ ಪ್ರಮಾಣಪತ್ರ ಹೇಳುವುದು ಒಂದು ಸಂಸ್ಥೆ ತನ್ನ ಕೆಲಸದ ಕ್ರಮಗಳನ್ನು ಹೇಗೆ ನಡೆಸುತ್ತದೆ ಎಂಬುದನ್ನು. ಬೋಲ್ಟು-ನಟ್ಟು ಮಾಡುವ ಕಾರ್ಖಾನೆಗೂ ಅದು ಸಿಗುತ್ತದೆ. ಪದವಿ ಕೊಡುವ ಅಧಿಕಾರಕ್ಕೂ ಅದಕ್ಕೂ ಸಂಬಂಧವಿಲ್ಲ.

ನನಗೆ ಎಚ್ಚರಿಕೆ ಸಿಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಶಿಕ್ಷಣ ಸಾಲಕ್ಕೆಂದು ಊರಿನ ಸರ್ಕಾರಿ ಬ್ಯಾಂಕಿಗೆ ಹೋದಾಗ ವ್ಯವಸ್ಥಾಪಕರು ಕಾಗದಗಳನ್ನು ತಿರುವಿ ಹಾಕಿ, “ನೋಡಮ್ಮ, ಇವರಿಗೆ ಯಾವ ವಿಶ್ವವಿದ್ಯಾಲಯದ ಮಾನ್ಯತೆ ಇದೆ ಎಂಬ ಪತ್ರ ತಂದುಕೊಡು. ಅದಿಲ್ಲದೆ ನಮ್ಮಲ್ಲಿ ಅರ್ಜಿಯೇ ಮುಂದೆ ಹೋಗುವುದಿಲ್ಲ” ಎಂದರು. ಸಲಹೆಗಾರ್ತಿಗೆ ಹೇಳಿದೆ. “ಸರ್ಕಾರಿ ಬ್ಯಾಂಕಿನವರಿಗೆ ಡಿಸೈನ್ ಎಂದರೆ ಅರ್ಥವಾಗುವುದಿಲ್ಲ, ಅವರಿಗೆ ಎಂಜಿನಿಯರಿಂಗ್ ಒಂದೇ ಗೊತ್ತು” ಎಂದು ನಕ್ಕು, ಅರ್ಧ ಗಂಟೆಯಲ್ಲಿ ಖಾಸಗಿ ಹಣಕಾಸು ಕಂಪನಿಯೊಂದರ ಪ್ರತಿನಿಧಿಯಿಂದ ಕರೆ ಮಾಡಿಸಿದರು. ಆಧಾರ್, ಪಾನ್, ಅಪ್ಪನ ಬ್ಯಾಂಕ್ ಪುಸ್ತಕ, ಮೊಬೈಲ್‌ನಲ್ಲಿ ಒಂದು ಒಟಿಪಿ. ಸಂಜೆಯೊಳಗೆ 5 ಲಕ್ಷ ಮಂಜೂರಾಯಿತು.

ಆ ಎರಡು ಸಾಲಗಳ ನಡುವಿನ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಲಿಲ್ಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, 4 ಲಕ್ಷದವರೆಗೆ ನಮ್ಮ ಪಾಲಿನ ಹಣವನ್ನೂ ಕೇಳುವುದಿಲ್ಲ. ನನ್ನದು ವೈಯಕ್ತಿಕ ಸಾಲದ ಸೋದರಿ. ಶೇಕಡಾ 14 ಬಡ್ಡಿ, ಐದು ವರ್ಷ, ಮರುತಿಂಗಳಿನಿಂದಲೇ 11,634 ರೂಪಾಯಿ ಕಂತು. ಹಣ ನನ್ನ ಖಾತೆಗೆ ಬರಲಿಲ್ಲ, ನೇರ ಸಂಸ್ಥೆಗೆ ಹೋಯಿತು. ಅಂದರೆ ನಾಳೆ ನಾನು ಓದು ಬಿಟ್ಟರೂ ಸಾಲ ನನ್ನದು, ಹಣ ಅವರದು. ಉಳಿದ 1 ಲಕ್ಷಕ್ಕೆ ಅಮ್ಮ ಎರಡು ಬಳೆ ಅಡವಿಟ್ಟರು.

ಪಾಠದ ವಿಷಯಕ್ಕೆ ಬರುತ್ತೇನೆ. ಮೊದಲ ಸೆಮಿಸ್ಟರ್ ಪೂರ್ತಿ ಫೋಟೊಶಾಪ್, ಇಲ್ಲಸ್ಟ್ರೇಟರ್, ಫಿಗ್ಮಾ ಎಂಬ ಸಾಫ್ಟ್‌ವೇರ್‌ಗಳು. ಮುಂಚೆಯೇ ಚಿತ್ರೀಕರಿಸಿದ ವಿಡಿಯೊಗಳನ್ನು ಪ್ರೊಜೆಕ್ಟರ್ ಮೇಲೆ ಹಾಕಿ, ಹಿಂದಿನ ತಂಡದ ಹುಡುಗನೊಬ್ಬ ಪಕ್ಕದಲ್ಲಿ ನಿಲ್ಲುತ್ತಿದ್ದ. ಅವನನ್ನು ‘ಸಹ ಬೋಧಕ’ ಎನ್ನುತ್ತಿದ್ದರು. ಅವನು ಶುಲ್ಕದ ಬಾಕಿಯನ್ನು ಹೀಗೆ ದುಡಿದು ತೀರಿಸುತ್ತಿದ್ದ ಎಂಬುದು ಆಮೇಲೆ ಗೊತ್ತಾಯಿತು. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದನ್ನು ಫ್ಲೆಕ್ಸ್ ಅಂಗಡಿಯ ಯಜಮಾನರು ನನಗೆ ಸಂಬಳ ಕೊಟ್ಟು ಕಲಿಸಿದ್ದರು. ಯಾರಿಗಾಗಿ, ಯಾವ ದೂರದಿಂದ, ಎಷ್ಟು ಹೊತ್ತು ನೋಡುವ ಕಣ್ಣಿಗಾಗಿ ಮಾಡುತ್ತಿದ್ದೇವೆ, ಈ ಬಣ್ಣವೇ ಏಕೆ, ಈ ಅಕ್ಷರವೇ ಏಕೆ ಎಂದು ಕೇಳುವುದು ಸ್ನಾತಕೋತ್ತರ ಓದಿನ ಕೆಲಸ. ಆ ಪ್ರಶ್ನೆ ಎರಡು ವರ್ಷದಲ್ಲಿ ಮೂರು ದಿನ ಮಾತ್ರ ಕೇಳಿಬಂತು.

ಆ ಮೂರು ದಿನಗಳ ಬಗ್ಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ಅಕ್ಷರ ವಿನ್ಯಾಸದ ಹಿರಿಯರೊಬ್ಬರು ಅತಿಥಿಯಾಗಿ ಬಂದಿದ್ದರು. ಕಂಪ್ಯೂಟರ್ ಮುಚ್ಚಿಸಿ, ಚೌಕುಳಿ ಹಾಳೆ ಕೊಟ್ಟು, ಬಸ್ಸಿನ ಫಲಕದಲ್ಲಿರುವಂತೆ ‘ಕೃಷ್ಣರಾಜಪೇಟೆ’ ಎಂದು ಬರೆಯಿಸಿದರು. ‘ಷ್ಣ’ದ ಒತ್ತು ಎಷ್ಟು ಕೆಳಗೆ ಇಳಿಯುತ್ತದೆ, ಮುಂದಿನ ಸಾಲಿನ ಗುಡಿಸು ಎಷ್ಟು ಮೇಲೆ ಬರುತ್ತದೆ, ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಏಕೆ ಸಾಲದು ಎಂಬುದನ್ನು ಸ್ಕೇಲ್ ಇಟ್ಟು ಅಳೆದು ತೋರಿಸಿದರು. ನನ್ನ ಫ್ಲೆಕ್ಸ್‌ಗಳಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಗುದ್ದುತ್ತಿದ್ದುದು ಏಕೆಂದು ಅಂದು ತಿಳಿಯಿತು. ಅವರಿಗೆ ಬರಬೇಕಿದ್ದ ಗೌರವಧನ ಬರಲಿಲ್ಲವಂತೆ. ಮತ್ತೆ ಬರಲಿಲ್ಲ.

ಎರಡನೆಯ ವರ್ಷದ ‘ಕೈಗಾರಿಕಾ ತರಬೇತಿ’ಯಲ್ಲಿ ಸಂಸ್ಥೆಯದೇ ಇನ್ನೊಂದು ಕಂಪನಿಗೆ ಆರು ತಿಂಗಳು ಇನ್‌ಸ್ಟಾಗ್ರಾಂ ಪೋಸ್ಟ್ ಮಾಡಿಕೊಟ್ಟೆವು. ಸಂಬಳವಿಲ್ಲ. ಮುಂದಿನ ತಂಡವನ್ನು ಸೆಳೆಯುವ ಜಾಹೀರಾತುಗಳನ್ನು ಮಾಡಿದವರು ನಾವೇ, ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ನಂತರ ಕೆಲಸದ ಹುಡುಕಾಟ. ಇಂದಿರಾನಗರದ ಸ್ಟುಡಿಯೊ ಒಂದರಲ್ಲಿ ಸಂದರ್ಶನ ಮಾಡಿದವರು ನನ್ನ ಪೋರ್ಟ್‌ಫೋಲಿಯೊದ ಮೂರನೆಯ ಪುಟಕ್ಕೇ ನಿಂತು, “ಈ ಕಾಫಿ ಲೋಟವನ್ನು ಈ ತಿಂಗಳು ನಾಲ್ಕನೆಯ ಸಲ ನೋಡುತ್ತಿದ್ದೇನೆ” ಎಂದರು. ಹೌದು, ನಮ್ಮ ತಂಡದ 26 ಜನರದ್ದೂ ಒಂದೇ ಕಲ್ಪಿತ ಕಾಫಿ ಬ್ರ್ಯಾಂಡ್, ಒಂದೇ ಊಟ ತಲುಪಿಸುವ ಆ್ಯಪ್, ವಿನ್ಯಾಸವನ್ನು ಕೂರಿಸಿ ತೋರಿಸುವ ಸಿದ್ಧ ಚಿತ್ರ, ಅಂದರೆ ಮಾಕಪ್, ಅದೂ ಒಂದೇ, ಉಚಿತದ್ದು. ಬಣ್ಣ ಮಾತ್ರ ಬೇರೆ. ಆಮೇಲೆ ಅವರು ಕೊನೆಯ ಪುಟಗಳಿಗೆ ಹೋದರು. ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲುಗಳ ಕೈಬರಹದ ಫಲಕಗಳನ್ನು ಬಿ.ಎಫ್.ಎ. ದಿನಗಳಲ್ಲಿ ನಾನು ಫೋಟೊ ತೆಗೆದು, ಅಕ್ಷರಗಳನ್ನು ಟ್ರೇಸ್ ಮಾಡಿ ಇಟ್ಟಿದ್ದೆ. ಹಾಗೇ ಸೇರಿಸಿದ್ದೆ. ಇಪ್ಪತ್ತು ನಿಮಿಷ ಅದರ ಬಗ್ಗೆಯೇ ಕೇಳಿದರು. ಕೆಲಸ ಸಿಕ್ಕಿತು. 6 ಲಕ್ಷದ 40 ಸಾವಿರ ಕಟ್ಟದೆ ನೇರ ಅಲ್ಲಿಗೇ ಹೋಗಿದ್ದರೂ ಸಿಗುತ್ತಿತ್ತು.

ಪೂರ್ತಿ ಕಣ್ಣು ತೆರೆದದ್ದು ಊರಿನ ಕಡೆಯ ಕಲಾ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕರ ಹುದ್ದೆಗೆ ದಾಖಲೆ ಪರಿಶೀಲನೆಗೆ ಹೋದಾಗ. ನನ್ನ ಪ್ರಮಾಣಪತ್ರ ನೋಡಲು ಬಲು ಚೆಂದ: 300 ಜಿಎಸ್‌ಎಂನ ದಪ್ಪ ಕಾಗದ, ಚಿನ್ನದ ಬಣ್ಣದ ಉಬ್ಬು ಮುದ್ರೆ. ಗುಮಾಸ್ತರು ಅದರ ಎರಡೂ ಬದಿ ತಿರುಗಿಸಿ ನೋಡಿ, “ಇದರಲ್ಲಿ ವಿಶ್ವವಿದ್ಯಾಲಯ ಯಾವುದು ಮೇಡಂ?” ಎಂದರು. ಕೆಳಗೆ ಎರಡು ಸಹಿ ಇದ್ದವು. ಒಂದು ‘ನಿರ್ದೇಶಕರು’, ಇನ್ನೊಂದು ‘ಉದ್ಯಮ ಮಾರ್ಗದರ್ಶಕರು’. ಕುಲಪತಿಯೂ ಇಲ್ಲ, ಕುಲಸಚಿವರೂ ಇಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ-ನೆಟ್‌ನ ದೃಶ್ಯಕಲೆ ವಿಷಯಕ್ಕೆ ಕೂರೋಣವೆಂದರೆ ಅಲ್ಲಿಯೂ ಅದೇ ಕತೆ: ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿ ಬೇಕು, ಅದರಲ್ಲಿ ಸಾಮಾನ್ಯ ವರ್ಗಕ್ಕೆ ಶೇಕಡಾ 55 ಅಂಕ ಬೇಕು. ನನಗಿದ್ದುದು ಶೇಕಡಾ 81, ಆದರೆ ಯಾವುದರಲ್ಲಿ?

ಆಮೇಲೆ ಕಾಯ್ದೆ ಓದಿದೆ. 1956ರ ಯುಜಿಸಿ ಕಾಯ್ದೆಯ 22ನೆಯ ಸೆಕ್ಷನ್ ಪ್ರಕಾರ ಪದವಿ ಕೊಡುವ ಹಕ್ಕಿರುವುದು ಕೇಂದ್ರ ಅಥವಾ ರಾಜ್ಯದ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯಕ್ಕೆ, 3ನೆಯ ಸೆಕ್ಷನ್ ಅಡಿ ಡೀಮ್ಡ್, ಅಂದರೆ ವಿಶ್ವವಿದ್ಯಾಲಯಕ್ಕೆ ಸಮ, ಎನಿಸಿಕೊಂಡ ಸಂಸ್ಥೆಗೆ, ಇಲ್ಲವೇ ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗೆ. ಇದನ್ನು ಮೀರಿದವರಿಗೆ 24ನೆಯ ಸೆಕ್ಷನ್ ವಿಧಿಸುವ ದಂಡ ಗರಿಷ್ಠ 1,000 ರೂಪಾಯಿ. (ಗುರುತಿನ ಚೀಟಿ ಕಳೆದುಕೊಂಡರೆ ನಮ್ಮ ಸಂಸ್ಥೆ 500 ವಸೂಲಿ ಮಾಡುತ್ತಿತ್ತು.) ನಮ್ಮವರು ಆ ಸಾವಿರವನ್ನೂ ಕಟ್ಟಬೇಕಿಲ್ಲ, ಏಕೆಂದರೆ ಪದವಿ ಎಂದು ಅವರು ಎಲ್ಲಿಯೂ ಅಚ್ಚು ಹಾಕಿಸಿಲ್ಲ. ‘ವಿದೇಶಿ ವಿಶ್ವವಿದ್ಯಾಲಯದ ಸಹಯೋಗ’ ಎಂಬ ಇನ್ನೊಂದು ಬಣ್ಣವೂ ಇದೆ. ಮಾನ್ಯತೆಯಿಲ್ಲದ ಇಂಥ ಸಹಯೋಗಗಳ ಹೆಸರಿನಲ್ಲಿ ಕೊಡುವ ಪದವಿಗಳಿಗೆ ಬೆಲೆಯಿಲ್ಲವೆಂದು ಯುಜಿಸಿ 2023ರ ಡಿಸೆಂಬರಿನಲ್ಲಿ ಸಾರ್ವಜನಿಕವಾಗಿಯೇ ಎಚ್ಚರಿಸಿತ್ತು. ಆಗ ನಾನು ಮೂರನೆಯ ಸೆಮಿಸ್ಟರ್‌ನಲ್ಲಿ ಕಾಫಿ ಲೋಟಕ್ಕೆ ನೆರಳು ಹಾಕುತ್ತಿದ್ದೆ.

ಶುಲ್ಕ ವಾಪಸಿನ ವಿಷಯ ಇನ್ನೂ ಸೊಗಸು. ನಮ್ಮ ತಂಡದ ಹಾಸನದ ಹುಡುಗಿಯೊಬ್ಬಳು ಮೂರನೆಯ ವಾರಕ್ಕೇ ಬಿಟ್ಟಳು. 2022-23ನೆಯ ಸಾಲಿಗೆ ಅಕ್ಟೋಬರ್ 31ರೊಳಗೆ ಪ್ರವೇಶ ರದ್ದು ಮಾಡಿದವರಿಗೆ ಪೂರ್ತಿ ಶುಲ್ಕ ಹಿಂತಿರುಗಿಸಬೇಕೆಂದು ಯುಜಿಸಿ ಸೂಚಿಸಿತ್ತು. ಅದನ್ನು ಮುದ್ರಿಸಿಕೊಂಡು ಹೋದಳು. “ನಾವು ಯುಜಿಸಿ ವ್ಯಾಪ್ತಿಗೆ ಬರುವುದಿಲ್ಲ” ಎಂದು ಲೆಕ್ಕ ವಿಭಾಗದವರು ಹೇಳಿದರು. ಪ್ರವೇಶದ ಮೇಜಿನಲ್ಲಿ ‘ಎಲ್ಲ ಮಾನ್ಯತೆಯೂ ಇದೆ’ ಎಂದವರು ಮತ್ತು ಇವರು ಕೂರುತ್ತಿದ್ದುದು ಒಂದೇ ಕೋಣೆಯಲ್ಲಿ, ನಡುವೆ ಒಂದು ಗಾಜಿನ ತಡಿಕೆ ಅಷ್ಟೇ. ಅವಳು ಅಂದು ಬಂದು ನನಗೆ ಇದನ್ನು ಹೇಳಿದಾಗಲೂ ನಾನು, ‘ನೀನು ಅವಸರ ಮಾಡಿದೆ’ ಎಂದಿದ್ದೆ.

ಮೂಲ ಅಂಕಪಟ್ಟಿಗಳನ್ನು ಅಲ್ಲಿ ಕೊಟ್ಟಿದ್ದು ನನ್ನ ಇನ್ನೊಂದು ದಡ್ಡತನ. ‘ಪರಿಶೀಲನೆಗೆ’ ಎಂದು ಪಡೆದು, ಎರಡನೆಯ ವರ್ಷದ ಶುಲ್ಕ ಪೂರ್ತಿಯಾಗುವವರೆಗೆ ಕೊಡುವುದಿಲ್ಲ ಎಂದರು. ಮೂಲ ದಾಖಲೆಗಳನ್ನು ಹೀಗೆ ಇಟ್ಟುಕೊಳ್ಳುವುದನ್ನು ಯುಜಿಸಿಯ 2018ರ ಅಧಿಸೂಚನೆ ನಿಷೇಧಿಸಿದೆ, ಅದರ ವ್ಯಾಪ್ತಿಗೇ ಬಾರದವರ ಮುಂದೆ ಅದನ್ನು ಓದಿ ಏನು ಪ್ರಯೋಜನ? ಸ್ವೀಕೃತಿ ಸಮೇತ ನೋಂದಾಯಿತ ಅಂಚೆಯಲ್ಲಿ ಪತ್ರ ಬರೆದು, ಪೊಲೀಸ್ ದೂರು ಕೊಡುವುದಾಗಿ ತಿಳಿಸಿದ ಮೇಲೆ ಹನ್ನೊಂದನೆಯ ದಿನ ಬಂದವು. ನೀವು ನಕಲು ಮಾತ್ರ ಕೊಡಿ. ಮೂಲವನ್ನು ಅವರ ಎದುರಿಗೇ ತೋರಿಸಿ ವಾಪಸು ಚೀಲಕ್ಕೆ ಹಾಕಿಕೊಳ್ಳಿ.

ಈ ಓದಿಗೆ ನೇರ ದಾರಿಯೂ ಇದೆ, ನನಗೆ ಹೇಳುವವರಿರಲಿಲ್ಲ. ವಿನ್ಯಾಸದ ಸ್ನಾತಕೋತ್ತರ ಪದವಿಯ (ಎಂ.ಡೆಸ್.) ಪ್ರವೇಶಕ್ಕೆ ಐಐಟಿ ಬಾಂಬೆ ನಡೆಸುವ ಸೀಡ್ ಪರೀಕ್ಷೆ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ಹನ್ನೆರಡನೆಯ ತರಗತಿಯ ಮೇಲೆ ಕನಿಷ್ಠ ಮೂರು ವರ್ಷದ ಪದವಿ ಇದ್ದರೆ ಬರೆಯಬಹುದು, ವಯಸ್ಸಿನ ಮಿತಿಯಿಲ್ಲ, ಎಷ್ಟು ಸಲವಾದರೂ ಬರೆಯಬಹುದು. ಒಂದು ಭಾಗ ಕಂಪ್ಯೂಟರಿನ ಮೇಲೆ, ಇನ್ನೊಂದು ಭಾಗದಲ್ಲಿ ಕೈಯಿಂದ ಚಿತ್ರ ಬರೆಯಬೇಕು. ಬಿ.ಎಫ್.ಎ. ಓದಿದವರು ಹೆದರಬೇಕಾದದ್ದೇನಿಲ್ಲ. ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ, ತನ್ನದೇ ಪರೀಕ್ಷೆ ನಡೆಸುತ್ತದೆ. 2014ರ ಕಾಯ್ದೆಯಿಂದ ಅದು ರಾಷ್ಟ್ರೀಯ ಮಹತ್ವದ ಸಂಸ್ಥೆಯಾಗಿದ್ದು, ಅದರ ಎಂ.ಡೆಸ್. ಪದವಿಗೆ ಬೇರೆ ಯಾರ ಮೊಹರೂ ಬೇಕಿಲ್ಲ. ಬೆಂಗಳೂರಿನಲ್ಲಿಯೂ ಅದರ ಕ್ಯಾಂಪಸ್ ಇದೆ. ಸ್ಪರ್ಧೆ ಕಠಿಣ, ನಿಜ. ಒಂದು ವರ್ಷ ಊರಿನಲ್ಲಿ ಕುಳಿತು ತಯಾರಿ ಮಾಡಿದ್ದರೂ ನನ್ನ ಕೈಯಿಂದ ಹೋಗುತ್ತಿದ್ದುದು ಆ ಒಂದು ವರ್ಷ ಮಾತ್ರ. ಖಾಸಗಿ ಸಂಸ್ಥೆಗಳೆಲ್ಲ ಮೋಸ ಎಂದು ಹೇಳುತ್ತಿಲ್ಲ, ಮಾನ್ಯತೆಯಿರುವ ಒಳ್ಳೆಯ ಖಾಸಗಿ ವಿಶ್ವವಿದ್ಯಾಲಯಗಳೂ ಇವೆ.

ಹಣ ಕಟ್ಟುವ ಮೊದಲು, ಹಿಂದಿನ ತಂಡದವರ ಪ್ರಮಾಣಪತ್ರದ ಪ್ರತಿ ಕೇಳಿ, ಕೆಳಗೆ ಸಹಿ ಮಾಡಿದವರು ಯಾವ ವಿಶ್ವವಿದ್ಯಾಲಯದವರು ಎಂದು ನೋಡಿ. ಆ ವಿಶ್ವವಿದ್ಯಾಲಯದ ಹೆಸರು ಯುಜಿಸಿ ಜಾಲತಾಣದ ಪಟ್ಟಿಯಲ್ಲಿದೆಯೇ ನೋಡಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯೂ ಅಲ್ಲೇ ಇದೆ. ಪದವಿಯ ಹೆಸರು, ಕೊಡುವವರ ಹೆಸರು ಎರಡನ್ನೂ ಇಮೇಲ್‌ನಲ್ಲಿ ಬರೆದು ಕಳುಹಿಸಲು ಕೇಳಿ. ಫೋನಿನಲ್ಲಿ ಎಷ್ಟು ಸಲ ಹೇಳಿದರೂ ಅದು ಗಾಳಿಯ ಮಾತು. ಅವರು ಬೆರಳು ತೋರಿಸುವ ಹಳೆಯ ವಿದ್ಯಾರ್ಥಿಯನ್ನಲ್ಲ, ಊಟದ ಹೊತ್ತಿನಲ್ಲಿ ಹೊರಗೆ ಚಹಾ ಕುಡಿಯುತ್ತಿರುವ ಎರಡನೆಯ ವರ್ಷದವರನ್ನು ಹಿಡಿದು, ಅವರ ಕೆಲಸದ ಪುಸ್ತಕ ತೆರೆಸಿ. ಅಂತಿಮ ಚಿತ್ರ ಬೇಡ. ಅದಕ್ಕೆ ಮುಂಚೆ ತಿರಸ್ಕರಿಸಿದ ಹತ್ತು ಕರಡುಗಳು ಎಲ್ಲಿವೆ ಎಂದು ಕೇಳಿ. ಸರ್ಕಾರಿ ಬ್ಯಾಂಕು ಸಾಲ ನಿರಾಕರಿಸಿದರೆ, ಕಾರಣವನ್ನು ಆ ಬ್ಯಾಂಕಿನವರ ಬಾಯಿಂದಲೇ ಕೇಳಿ.

ಕಳೆದ ತಿಂಗಳು ಅಪ್ಪನ ಮೊಬೈಲಿಗೆ ಅದೇ ಸಂಸ್ಥೆಯಿಂದ ಕರೆ ಬಂತು. ಹಳೆಯ ಪಟ್ಟಿಯಲ್ಲಿ ಅವರ ಸಂಖ್ಯೆ ಉಳಿದುಕೊಂಡಿರಬೇಕು. ಕೋರ್ಸಿನ ಹೆಸರಿಗೆ ಈಗ ‘ಕೃತಕ ಬುದ್ಧಿಮತ್ತೆ’ ಸೇರಿದೆ, ಶುಲ್ಕ 8 ಲಕ್ಷಕ್ಕೆ ಏರಿದೆ. ಅಪ್ಪ ಫೋನು ನನ್ನ ಕೈಗಿತ್ತರು. “ಪದವಿಯ ಮೇಲೆ ಸಹಿ ಮಾಡುವುದು ಯಾವ ವಿಶ್ವವಿದ್ಯಾಲಯದ ಕುಲಪತಿಗಳು?” ಎಂದು ಕೇಳಿದೆ. ಆ ಹುಡುಗಿ, ಪಾಪ, ನನ್ನಷ್ಟೇ ವಯಸ್ಸಿನವಳಿರಬೇಕು, “ಹಿರಿಯರನ್ನು ಕೇಳಿ ಹತ್ತು ನಿಮಿಷದಲ್ಲಿ ತಿಳಿಸುತ್ತೇನೆ” ಎಂದಳು. ಇನ್ನೂ ತಿಳಿಸಿಲ್ಲ.