ಬಲ್ಬ್ ನೇತಾಡ್ತಿದ್ರೆ ಸಾಲದು: ಸೇವಂತಿ ಸಸಿ ಕೊಳ್ಳುವವರೇ, ಹುಷಾರು

ಯುಗಾದಿ ಹೂವಿಗೆ ಅಂತ ಸೇವಂತಿ ಸಸಿ ಬುಕ್ ಮಾಡುತ್ತಿರುವ ಚಿಕ್ಕಬಳ್ಳಾಪುರ ಕಡೆಯವರು ದುಡ್ಡು ಕೊಡುವ ಮೊದಲು ಒಂದು ಸಲ ರಾತ್ರಿ ಹೊತ್ತು ನರ್ಸರಿಗೆ ಹೋಗಿ ಬನ್ನಿ. ಹಗಲು ನೋಡಿಕೊಂಡು ಬಂದರೆ ಅಲ್ಲಿನ ಬಲ್ಬ್ ರಾತ್ರಿ ಉರಿಯುತ್ತದಾ ಇಲ್ವಾ ಅಂತ ಗೊತ್ತಾಗುವುದಿಲ್ಲ.

ಹೋದ ಚಳಿಗಾಲ ಅರ್ಧ ಎಕರೆಗೆ ಬಿಳಿ ಸೇವಂತಿ ಸಸಿ ಹೊರಗಿನಿಂದ ತಂದೆವು. ಟ್ರೇನಲ್ಲಿ ಬೇರು ಚೆನ್ನಾಗಿತ್ತು. ಎಲೆ ತಿರುಗಿಸಿ ಬಿಳಿ ತುಕ್ಕು ರೋಗದ ಗುಳ್ಳೆ ಇದೆಯಾ ಅಂತ ನೋಡಿಯೇ ಗಾಡಿಯಿಂದ ಇಳಿಸಿಕೊಂಡದ್ದು. ನಾಟಿ ಮಾಡಿದ ರಾತ್ರಿಯಿಂದಲೇ ಬಲ್ಬ್ ಹಾಕಿದೆವು. ಆದರೂ ಗಿಡ ಗೇಣುದ್ದ ಬರುವ ಮೊದಲೇ ಸುಳಿಯಲ್ಲಿ ಮೊಗ್ಗು!

ಹೊಸದಾಗಿ ಸೇವಂತಿಗೆ ಇಳಿಯುವವರಿಗೆ ಈ ಬಲ್ಬಿನ ಲೆಕ್ಕ ಹೇಳಿಬಿಡುತ್ತೇನೆ. ಸೇವಂತಿ ಗಿಡ ರಾತ್ರಿ ಎಷ್ಟು ಉದ್ದ ಅಂತ ನೋಡಿಕೊಂಡು ಮೊಗ್ಗು ಕಟ್ಟುತ್ತದೆ. ನಮ್ಮಲ್ಲಿ ಡಿಸೆಂಬರ್ ಕೊನೆಯಲ್ಲಿ ಹಗಲು 11 ಗಂಟೆ 20 ನಿಮಿಷದ ಆಸುಪಾಸು, ರಾತ್ರಿಯೇ ಉದ್ದ. ಸುಮ್ನೆ ಬಿಟ್ಟರೆ ಗಿಡ ಬೆಳೆಯುವುದು ಬಿಟ್ಟು ಹೂವಿಗೆ ನಿಲ್ಲುತ್ತದೆ. ಅದಕ್ಕೇ ನಡುರಾತ್ರಿ ಕೆಲವು ಗಂಟೆ ಬೆಳಕು ಹಾಕಿ ಕತ್ತಲೆಯನ್ನು ತುಂಡು ಮಾಡುವುದು. ಗಿಡ ಸಾಕಷ್ಟು ಎತ್ತರ ಬಂದು ಕವಲು ಒಡೆದ ಮೇಲೆ ಬೆಳಕು ನಿಲ್ಲಿಸಿದರೆ, ಸುಮಾರು ಎರಡು ತಿಂಗಳು ಅಥವಾ ಸ್ವಲ್ಪ ಜಾಸ್ತಿ ದಿನಕ್ಕೆ ಹೂ.

ಸಸಿಗೆ ಸುಳಿ ಕತ್ತರಿಸುವ ತಾಯಿ ಗಿಡಕ್ಕೂ ಇದೇ ನಿಯಮ. ತಾಯಿ ಗಿಡ ಕತ್ತಲೆಯಲ್ಲಿ ನಿಂತು ಮೊಗ್ಗಿಗೆ ತಯಾರಾಗಿದ್ದರೆ, ಅದರಿಂದ ತೆಗೆದ ಸಸಿ ಆ ತಯಾರಿಯನ್ನೂ ಹೊತ್ತುಕೊಂಡೇ ಬರುತ್ತದೆ. ಆಮೇಲೆ ನೀವು ಎಷ್ಟು ಬಲ್ಬ್ ಉರಿಸಿದರೂ ಆ ಸುಳಿಯ ಮೊಗ್ಗು ಹಿಂದಕ್ಕೆ ಹೋಗುವುದಿಲ್ಲ.

ನರ್ಸರಿಯವರಿಗೆ ಫೋನ್ ಮಾಡಿದರೆ "ಅಣ್ಣ, ನಿಮ್ಮ ಲೈಟ್ ಸರಿ ಇಲ್ಲ, ಕರೆಂಟ್ ಹೋಗಿರ್ಬೇಕು ನೋಡಿ" ಅಂದರು. ಎಲ್ಲರಿಗೂ ಹೇಳುವ ಮಾತು ಇದೇ ಇರಬೇಕು. ಆದರೆ ಅದೇ ತಂತಿಯ ಅದೇ ಬಲ್ಬಿನ ಕೆಳಗೆ, ಪಕ್ಕದ ನಾಲ್ಕು ಸಾಲಿನಲ್ಲಿ ನಾವೇ ಮಾಡಿಕೊಂಡ ಸಸಿ ಇತ್ತು. ಅದರಲ್ಲಿ ಒಂದು ಮೊಗ್ಗೂ ಇರಲಿಲ್ಲ. ಕರೆಂಟ್ ಹೋಗಿದ್ದರೆ ಎರಡಕ್ಕೂ ಹೋಗಬೇಕಿತ್ತು ಅಲ್ವಾ? ಆ ಪ್ರಶ್ನೆಗೆ ಉತ್ತರ ಬರಲಿಲ್ಲ, ಫೋನ್ ಕಟ್ಟಾಯಿತು. ನಿಜ ಹೇಳಿದ್ದು ಅಲ್ಲಿ ಕೆಲಸ ಬಿಟ್ಟ ಹುಡುಗ. "ದೀಪಾವಳಿ ಆದ್ಮೇಲೆ ತಾಯಿ ಮಡಿಗೆ ಲೈಟೇ ಹಾಕಿಲ್ಲ ಸಾರ್, ಬಿಲ್ ಜಾಸ್ತಿ ಬರುತ್ತೆ ಅಂತ." ನಾವು ಹಗಲು ಹೋದಾಗ ಮಡಿಯ ಮೇಲೆ ಬಲ್ಬುಗಳು ಸಾಲಾಗಿ ನೇತಾಡುತ್ತಿದ್ದವು, ಚೆಂದಕ್ಕೆ.

ಹಾಗಾಗಿ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಸಸಿ ಕೊಳ್ಳುವವರು ರಾತ್ರಿ ಹನ್ನೊಂದು ಗಂಟೆ ಮೇಲೆ ಒಂದು ರೌಂಡ್ ಹಾಕಿ. ಹೇಳದೆ ಹೋಗಿ. ತಾಯಿ ಗಿಡಗಳ ಮಡಿ ಕತ್ತಲಿದ್ದರೆ ವಾಪಸ್ ಬನ್ನಿ. ಟ್ರೇ ಇಳಿಸುವಾಗ ಸುಳಿಯ ಎಲೆಗಳನ್ನು ಬೆರಳಲ್ಲಿ ಬಿಡಿಸಿ ನೋಡಿ. ಬೆಳೆಯುವ ಸಸಿಯಲ್ಲಿ ತುದಿಯ ಪುಟ್ಟ ಎಲೆಗೂ ಅಂಚಿನಲ್ಲಿ ಸೀಳು ಇರುತ್ತದೆ. ಮೊಗ್ಗಿಗೆ ನಿಂತ ಸಸಿಯಲ್ಲಿ ತುದಿ ಎಲೆ ಸೀಳಿಲ್ಲದೆ ಪಟ್ಟಿಯ ಹಾಗೆ ಸಣ್ಣಗೆ, ಉದ್ದಕ್ಕೆ ಬರುತ್ತದೆ. ಅದರ ನಡುವೆ ಸಾಸಿವೆ ಕಾಳಿನಷ್ಟು ಹಸಿರು ಗುಂಡು ಕಂಡರೆ ಮುಗಿಯಿತು, ಟ್ರೇ ಹಾಗೇ ಗಾಡಿಗೆ ಹತ್ತಿಸಿ ಕಳಿಸಿ.

ಸುಳಿ ಚಿವುಟಿದರೆ ಸರಿಹೋಗುತ್ತೆ ಅಂತ ಸಲಹೆ ಕೊಡುವವರು ತುಂಬಾ ಜನ. ನಾವೂ ಚಿವುಟಿದೆವು. ಸ್ವಲ್ಪ ಗಿಡ ಚಿಗುರಿದವು, ಮಿಕ್ಕವುಗಳ ಪಕ್ಕದ ಕವಲಿನಲ್ಲೂ ಮೊಗ್ಗೇ ಬಂತು. ಯುಗಾದಿಗೆ ಆ ಅರ್ಧ ಎಕರೆಯಿಂದ ಮಂಡಿಗೆ ಹೋದ ಹೂ ಕೊಯ್ಯುವವರ ಕೂಲಿಗೂ ಸಾಲಲಿಲ್ಲ. ಮಲ್ಚಿಂಗ್ ಪೇಪರ್, ಗೊಬ್ಬರದ ಖರ್ಚು ಬೇರೆ.

ಬಿಲ್ಲಿನ ವಿಷಯ. "ಸಸಿ" ಅಂತ ಮಾತ್ರ ಬರೆದ ಚೀಟಿ ತೆಗೆದುಕೊಳ್ಳಬೇಡಿ. ತಳಿ, ಸಂಖ್ಯೆ, ತಾರೀಕು ಮೂರೂ ಬರೆಸಿ, ದುಡ್ಡು ಫೋನ್‌ನಲ್ಲೇ ಹಾಕಿ. ಬಿತ್ತನೆ ಬೀಜ ಕೊಂಡ ರೈತನೂ ಗ್ರಾಹಕನೇ ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಸಸಿಯವರು "ಇದು ಬೀಜ ಅಲ್ಲ" ಅಂತ ವಾದ ಮಾಡಬಹುದು, ಮಾಡಲಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ದೂರು ಕೊಡಲು 2 ವರ್ಷ ಸಮಯ ಇದೆ. ಮೊಗ್ಗು ಬಂದ ಸಾಲು, ಬರದ ಸಾಲು ಎರಡೂ ಒಂದೇ ಫೋಟೋದಲ್ಲಿ ಬರುವ ಹಾಗೆ ತೆಗೆದಿಟ್ಟುಕೊಳ್ಳಿ, ಗಿಡ ಕಿತ್ತು ಹಾಕುವ ಮೊದಲೇ.