ಕಾರಿನಲ್ಲಿ ಹಾಡು ನಿಂತರೆ ಅಂಗಡಿಗೆ ಓಡಬೇಡಿ, ಮೊದಲು ಫ್ಯೂಸ್ ತೆಗೆದು ನೋಡಿ

ಕಲಬುರಗಿಯಲ್ಲಿ ಕಾರು ಇಟ್ಟುಕೊಂಡವರು ಇದನ್ನು ದಯವಿಟ್ಟು ಪೂರ್ತಿ ಓದಿ. ಸ್ಟೀರಿಯೊ ಸತ್ತರೆ ಮೊದಲು ಫ್ಯೂಸ್ ನೋಡಿ. ಫ್ಯೂಸ್ ನೋಡದೆ ಯಾವ ಅಂಗಡಿಯ ಮೆಟ್ಟಿಲನ್ನೂ ಹತ್ತಬೇಡಿ. ಹತ್ತು ರೂಪಾಯಿಯ ಫ್ಯೂಸ್ ಹೋಗಿದ್ದಕ್ಕೆ ನಾನು 13,600 ರೂಪಾಯಿ ಕೊಟ್ಟು ಬಂದಿದ್ದೇನೆ. ಅದೂ ಮೂವತ್ತೊಂದು ವರ್ಷ ವಿದ್ಯುತ್ ಕಚೇರಿಯಲ್ಲಿ ನೌಕರಿ ಮಾಡಿದ ನಾನು! ಕಂಬ ಹತ್ತಿದವನಲ್ಲ, ಲೆಕ್ಕಪತ್ರ ವಿಭಾಗದಲ್ಲಿ ಕುಳಿತವನು, ನಿಜ. ಆದರೂ ಓಣಿಯಲ್ಲಿ ಯಾರ ಮನೆಯ ದೀಪ ಹೋದರೂ "ಮೊದಲು ಫ್ಯೂಸ್ ನೋಡಿರಿ" ಎನ್ನುತ್ತಿದ್ದವನು ನಾನೇ. ಈಗ ಓಣಿಯವರು ಅದೇ ಮಾತನ್ನು ನನಗೆ ಹೇಳಿ ನಗುತ್ತಿದ್ದಾರೆ.

ಮೇ ತಿಂಗಳು. ಹನ್ನೆರಡು ವರ್ಷದ ಸಣ್ಣ ಕಾರು. ಸೇಡಂ ರಸ್ತೆಯಲ್ಲಿ ಬರುವಾಗ ಹಾಡು ಟಕ್ಕನೆ ನಿಂತಿತು, ಸೆಟ್ಟಿನ ದೀಪವೂ ಆರಿತು. ಹಾರ್ನ್, ಲೈಟು, ಎಸಿ ಎಲ್ಲವೂ ಸರಿ ಇದ್ದವು. ಲೈಟರ್ ಸಾಕೆಟ್ಟಿನಲ್ಲಿ ಮೊಬೈಲ್ ಚಾರ್ಜ್ ಆಗುವುದೂ ಅಂದೇ ನಿಂತಿತು. ಚಾರ್ಜರ್ ಕೆಟ್ಟಿರಬೇಕು ಎಂದುಕೊಂಡೆ. ಎರಡೂ ಒಂದೇ ದಿನ ಏಕೆ ಸತ್ತವು ಎಂದು ಒಂದು ನಿಮಿಷ ಯೋಚಿಸಿದ್ದರೆ ಇದನ್ನು ಬರೆಯುವ ಗತಿ ಬರುತ್ತಿರಲಿಲ್ಲ.

ರಿಂಗ್ ರೋಡಿನಲ್ಲಿ ಇಂಥ ಅಂಗಡಿಗಳು ಎಷ್ಟೋ ಇವೆ. ಒಂದಕ್ಕೆ ಹೋದೆ. ಹೆಸರು ಹೇಳುವುದಿಲ್ಲ. ಕುರ್ಚಿ ಕೊಟ್ಟರು, ತಣ್ಣನೆಯ ನೀರು ಕೊಟ್ಟರು. ಹುಡುಗ ಸೆಟ್ಟನ್ನು ಹೊರಗೆಳೆದು, ಹಿಂದೆ ಮುಂದೆ ತಿರುಗಿಸಿ, ಮೂಗಿನ ಹತ್ತಿರ ಹಿಡಿದು ಮೂಸಿದ. "ಬೋರ್ಡ್ ಸುಟ್ಟಿದೆ ಸರ್. ವಾಸನೆ ನೋಡಿ."

ನಾನೂ ಮೂಸಿದೆ. ನನಗೂ ಸುಟ್ಟ ವಾಸನೆ ಬಂದಂತೆಯೇ ಆಯಿತು! ಮನುಷ್ಯನ ಮೂಗು ಇಷ್ಟು ವಿಧೇಯ ಎಂದು ನನಗೆ ಗೊತ್ತಿರಲಿಲ್ಲ. ಮಾಲೀಕರು ಕುಳಿತಲ್ಲಿಂದಲೇ ಹೇಳಿದರು: "42 ಡಿಗ್ರಿ ಬಿಸಿಲಿನಲ್ಲಿ ಕಾರು ನಿಲ್ಲಿಸುತ್ತೀರಿ ಸರ್, ಯಾವ ಬೋರ್ಡ್ ತಡೆಯುತ್ತದೆ?" ನಮ್ಮೂರಿನಲ್ಲಿ ಬಿಸಿಲಿನ ಹೆಸರು ಹೇಳಿದರೆ ಯಾರಾದರೂ ಒಪ್ಪಲೇಬೇಕಲ್ಲ, ನಾನೂ ಒಪ್ಪಿದೆ. ಪರದೆ ಇರುವ ಹೊಸ ಸೆಟ್ 9,500, ಹಳೆಯದನ್ನು ಬಿಟ್ಟರೆ 500 ಕಡಿಮೆ. 9,000 ಕೊಟ್ಟೆ. ಬಿಲ್ ಕೇಳಿದರೆ ಕಚ್ಚಾ ಚೀಟಿಯ ಮೇಲೆ "ಸೆಟ್ ಮತ್ತು ಫಿಟಿಂಗ್" ಎಂದು ಗೀಚಿಕೊಟ್ಟರು. ಅಂಗಡಿಯ ಹೆಸರಿಲ್ಲ, ಮೊಹರಿಲ್ಲ. ಜೀವಮಾನವಿಡೀ ಬೇರೆಯವರ ಬಿಲ್ಲುಗಳಲ್ಲಿ ತಪ್ಪು ಹುಡುಕಿದ ನಾನು ಅದನ್ನು ಮಡಚಿ ಕಿಸೆಗೆ ಹಾಕಿಕೊಂಡೆ.

ಇನ್ನು ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಕೀ ತೆಗೆದೆ, ಹಾಡು ನಿಲ್ಲಲಿಲ್ಲ. ಏನಿದು ಎಂದು ಕೇಳಿದೆ. "ಅದು ಹೊಸ ಸೌಲಭ್ಯ ಸರ್. ಕೀ ತೆಗೆದರೂ ಹಾಡು ಕೇಳಬಹುದು. ಸಾಕಾದಾಗ ಗುಂಡಿ ಒತ್ತಿ ಪರದೆ ಆರಿಸಿ" ಎಂದ ಆ ಹುಡುಗ. ಸೌಲಭ್ಯವಂತೆ! ಅಂದು ಸಂಜೆ ಪಕ್ಕದ ಮನೆಯವರನ್ನು ಕರೆದು, ಕೀಯನ್ನು ಕೈಯಲ್ಲಿ ಹಿಡಿದು ತೋರಿಸಿ, ಹಾಡು ಕೇಳಿಸಿದೆ. ಹೌದು, ಕರೆದು ತೋರಿಸಿದೆ.

ಮೂರನೆಯ ದಿನ ಬೆಳಿಗ್ಗೆ ಸೆಲ್ಫ್ ಹೊಡೆದರೆ ಟಿಕ್ ಟಿಕ್ ಎಂದು ಸುಮ್ಮನಾಯಿತು. ಅದೇ ಪಕ್ಕದ ಮನೆಯವರು ತಳ್ಳಿದರು. ಅಂಗಡಿಗೆ ಫೋನ್ ಮಾಡಿದೆ. "ಹೊಸ ಸೆಟ್ಟಿಗೆ ಹಳೆಯ ಬ್ಯಾಟರಿ ತಡೆಯುವುದಿಲ್ಲ ಸರ್" ಎಂದು ಅವರೇ ಒಬ್ಬನನ್ನು ಕಳಿಸಿದರು. ಹಳೆಯ ಬ್ಯಾಟರಿ ಕೊಟ್ಟು, ಮೇಲೆ 4,600 ಕೊಟ್ಟು ಹೊಸದು ಹಾಕಿಸಿದೆ. ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ಪೀಕರಿನಲ್ಲಿ ಕುಂಯ್ ಎಂಬ ಸದ್ದು ಏರುತ್ತದೆ ಎಂದು ಹೇಳಿದರೆ "ಸ್ಪೀಕರ್ ಹಳೆಯವಾಗಿವೆ ಸರ್" ಎಂಬ ಉತ್ತರ. ಎಲ್ಲದಕ್ಕೂ ನನ್ನ ಕಾರಿನಲ್ಲಿ ಏನೋ ಒಂದು ಹಳೆಯದಾಗಿರುತ್ತಿತ್ತು.

ಹುಣ್ಣಿಮೆಗೆ ಗಾಣಗಾಪುರಕ್ಕೆ ಹೊರಟಿದ್ದೆವು. ಎರಡು ದಿನ ಕಾರು ಮನೆಯ ಮುಂದೆಯೇ ನಿಂತಿತ್ತು. ಬೆಳಗಿನ ಐದು ಗಂಟೆ, ಬುತ್ತಿ ಕಟ್ಟಿದೆ, ಸಂಗಮದಲ್ಲಿ ಸ್ನಾನಕ್ಕೆಂದು ಬಟ್ಟೆಗಳ ಗಂಟು ಹಿಂದಿನ ಸೀಟಿನಲ್ಲಿದೆ. ಕೀ ತಿರುಗಿಸಿದೆ. ಟಿಕ್. ಹೊಸ ಬ್ಯಾಟರಿ! ನನ್ನ ಹೆಂಡತಿ ಏನೂ ಅನ್ನಲಿಲ್ಲ. ಗಂಟು ಇಳಿಸಿಕೊಂಡು ಬಸ್ ನಿಲ್ದಾಣಕ್ಕೆ ಆಟೋ ಕರೆಯಲು ಹೇಳಿದಳು, ಅಷ್ಟೇ.

ಮರುದಿನ ಪಕ್ಕದ ಮನೆಯವರು (ಪಾಪ, ಅವರೇ) ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ನನ್ನು ಕರೆತಂದರು. ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಬ್ಯಾಟರಿ ಚಾರ್ಜ್ ಮಾಡಿಸಿ, ಕೀ ತೆಗೆದು ಮೀಟರ್ ಹಚ್ಚಿದರು. ಎಲ್ಲವೂ ಬಂದ್ ಇರುವ ಕಾರು 0.05 ಆಂಪಿಯರ್‌ಗಿಂತ ಹೆಚ್ಚು ಎಳೆಯಬಾರದಂತೆ. ನನ್ನದು 0.9 ಎಳೆಯುತ್ತಿತ್ತು. ಇದು 35 ಆಂಪಿಯರ್ ಅವರ್‌ನ ಬ್ಯಾಟರಿ, ಲೆಕ್ಕ ನನಗೇ ಬರುತ್ತದೆ: ಒಂದೂವರೆ ದಿನಕ್ಕೆ ಖಾಲಿ.

ಸೆಟ್ಟನ್ನು ಎಳೆದರು. ಕಂಪನಿಯ ಕಪ್ಲರನ್ನು, ಅಂದರೆ ಸೆಟ್ಟಿನ ತಂತಿಗಳನ್ನು ಕಾರಿನ ತಂತಿಗಳಿಗೆ ಜೋಡಿಸುವ ಪ್ಲಗ್ಗನ್ನು, ಕತ್ತರಿಸಿ ಎಸೆದಿದ್ದರು. ತಂತಿಗಳನ್ನು ಬರಿಗೈಯಲ್ಲಿ ಹೊಸೆದು ಟೇಪ್ ಸುತ್ತಿದ್ದರು, ಬಿಸಿಲಿಗೆ ಟೇಪಿನ ಅಂಟು ಕರಗಿ ಬೆರಳಿಗೆ ಕಪ್ಪಗೆ ಮೆತ್ತುತ್ತಿತ್ತು. ಒಳಗೆ ಸೆಟ್ಟಿನ ಕೆಂಪು ಮತ್ತು ಹಳದಿ ತಂತಿಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಹಳದಿ ತಂತಿಗೆ ಸದಾ 12 ವೋಲ್ಟ್ ಇರುತ್ತದೆ, ಗಡಿಯಾರ ಮತ್ತು ಸ್ಟೇಷನ್‌ಗಳ ನೆನಪಿಗಾಗಿ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕು. ಎರಡನ್ನೂ ಕೂಡಿಸಿದರೆ ಸೆಟ್ ಹಗಲೂ ರಾತ್ರಿ ಎಚ್ಚರವಾಗಿರುತ್ತದೆ. ಅದೇ ನನ್ನ ಹೊಸ ಸೌಲಭ್ಯ!

ಏಕೆ ಕೂಡಿಸಿದರು? ಉಸ್ತಾದರು ಕಾರಿನ ಕಡೆಯ ಕೀ ತಂತಿಗೆ ಟೆಸ್ಟ್ ಲ್ಯಾಂಪ್ ಹಿಡಿದರು, ಉರಿಯಲಿಲ್ಲ. ಅದರಲ್ಲಿ ಕರೆಂಟೇ ಇಲ್ಲದ್ದರಿಂದ ಅಂಗಡಿಯವರು ಕೆಂಪನ್ನು ಹಳದಿಗೆ ಕೂಡಿಸಿಬಿಟ್ಟಿದ್ದರು. ಸ್ಟೇರಿಂಗ್ ಕೆಳಗಿನ ಫ್ಯೂಸ್ ಡಬ್ಬಿಯಿಂದ ಒಂದು ನೀಲಿ ಫ್ಯೂಸ್ ಕಿತ್ತು, 15 ಆಂಪಿಯರಿನದು, ಸೂರ್ಯನಿಗೆ ಹಿಡಿದು ತೋರಿಸಿದರು. ಒಳಗಿನ ಎಳೆ ನಡುವೆ ತುಂಡಾಗಿತ್ತು, ತುದಿಯಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ. ನನ್ನ ಕಾರಿನಲ್ಲಿ ಸ್ಟೀರಿಯೊ ಮತ್ತು ಲೈಟರ್ ಸಾಕೆಟ್ ಎರಡಕ್ಕೂ ಅದೊಂದೇ ಫ್ಯೂಸ್. ಆಮೇಲೆ ಚಿಮಟದಿಂದ ಸಾಕೆಟ್ಟಿನೊಳಗಿಂದ ಒಂದು ರೂಪಾಯಿಯ ನಾಣ್ಯ ತೆಗೆದು ನನ್ನ ಅಂಗೈಯಲ್ಲಿಟ್ಟರು. ಮೊಮ್ಮಗನ ಕೆಲಸ. ಅದು ಒಳಗೆ ಶಾರ್ಟ್ ಮಾಡಿ ಫ್ಯೂಸ್ ಹಾರಿಸಿತ್ತು. "ಸಾಹೇಬರೇ, ನಿಮ್ಮ ಹಳೆಯ ರೇಡಿಯೊಗೆ ಏನೂ ಆಗಿರಲಿಲ್ಲ" ಎಂದರು.

ಕುಂಯ್ ಸದ್ದಿಗೆ ಕಾರಣ ಕಪ್ಪು ತಂತಿ, ಅರ್ಥ್. ಬಣ್ಣದ ಮೇಲೆಯೇ ಸ್ಕ್ರೂ ಬಿಗಿದಿದ್ದರು. ಮರಳುಕಾಗದದಿಂದ ಉಜ್ಜಿ ಬರಿಯ ಕಬ್ಬಿಣಕ್ಕೆ ಬಿಗಿದರು, ಸದ್ದು ಹೋಯಿತು. ಮನೆಯ ರಿಮೋಟಿನ ಸೆಲ್ ತರಿಸಿ, ಸ್ಪೀಕರಿನ ತಂತಿಗಳನ್ನು ಬಿಚ್ಚಿ ಅದಕ್ಕೆ ತಾಗಿಸಿದರು, ನಾಲ್ಕೂ ಸ್ಪೀಕರ್ ಡುಬ್ ಡುಬ್ ಎಂದವು. ಎಲ್ಲ ಸೇರಿ 300 ರೂಪಾಯಿ ತೆಗೆದುಕೊಂಡರು.

ಅಂಗಡಿಗೆ ಹೋಗಿ ಫ್ಯೂಸನ್ನು ಮೇಜಿನ ಮೇಲಿಟ್ಟೆ. ಮಾಲೀಕರು ಅದನ್ನು ಮುಟ್ಟಲೂ ಇಲ್ಲ. "ಫ್ಯೂಸ್ ನೋಡುವುದು ಎಲೆಕ್ಟ್ರಿಷಿಯನ್ ಕೆಲಸ ಸರ್, ನಾವು ಸೆಟ್ ಕೂರಿಸುವವರು." ಬೋರ್ಡ್ ಸುಟ್ಟಿದೆ ಎಂದಿರಲ್ಲ? "ಹುಡುಗ ಹೇಳಿರಬೇಕು." ಹುಡುಗ ಎಲ್ಲಿ? "ಊರಿಗೆ ಹೋಗಿದ್ದಾನೆ." ತಂತಿ ಕೂಡಿಸಿದ್ದೇಕೆ? "ಹಾಡು ಬರುತ್ತಿತ್ತಲ್ಲ ಸರ್, ಮತ್ತೇನು ಬೇಕು?"

ಹಾಡು ಬರುತ್ತಿತ್ತಲ್ಲ! ಇದಕ್ಕೆ ಏನು ಉತ್ತರ ಕೊಡುತ್ತೀರಿ? ತಲೆಯೆತ್ತಿದರೆ ಅವರ ಹಿಂದಿನ ಕಪಾಟಿನಲ್ಲಿ ಒಂದು ಹಳೆಯ ಸೆಟ್ ಮೆಲ್ಲಗೆ ಹಾಡುತ್ತಿತ್ತು. ಅದರ ವಾಲ್ಯೂಮ್ ಗುಂಡಿಯ ಮೇಲೆ ನನ್ನ ಮಗಳು ಎಂದೋ ಹಚ್ಚಿದ್ದ ಉಗುರುಬಣ್ಣದ ಚುಕ್ಕೆ. ನನ್ನದೇ ಸೆಟ್! "ಅದನ್ನು ರಿಪೇರಿ ಮಾಡಿದೆವು ಸರ್. 1,800ಕ್ಕೆ ಇಟ್ಟಿದ್ದೇವೆ, ನಿಮಗಾದರೆ 1,500."

ಬಳಕೆದಾರರ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು ಎಂದರು ಪರಿಚಯದ ವಕೀಲರು. ಬಿಲ್ ತೋರಿಸಿ ಎಂದರು. ಕಚ್ಚಾ ಚೀಟಿ ತೋರಿಸಿದೆ. ಅವರು ಚೀಟಿ ನೋಡಿದರು, ನನ್ನ ಮುಖ ನೋಡಿದರು.

ಆದ್ದರಿಂದ ಪಕ್ಕಾ ಬಿಲ್ ಇಲ್ಲದೆ ದುಡ್ಡು ಬಿಚ್ಚಬೇಡಿ. ಕಪ್ಲರ್ ಕತ್ತರಿಸಲು ಕತ್ತರಿ ತೆಗೆದರೆ ಅಲ್ಲಿಯೇ ಕೈ ಹಿಡಿಯಿರಿ. ಹಳೆಯ ಸೆಟ್ಟನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ. ಯಾರಾದರೂ ಮೂಸಿ ನೋಡಿ ಎಂದರೆ ಎದ್ದು ಬನ್ನಿ.

ಇಂದು ಬೆಳಿಗ್ಗೆ ಅದೇ ಅಂಗಡಿಯಿಂದ ನನ್ನ ಮೊಬೈಲಿಗೆ ಸಂದೇಶ ಬಂದಿದೆ. ಸ್ಪೀಕರ್ ಜೋಡಿಗೆ ಈ ವಾರ ರಿಯಾಯಿತಿಯಂತೆ.