ಬಾಡಿಗೆ ಆದಾಯದ ಕ್ಲಾಸ್ ಅಂತ ಕರೆದರೆ ಹೋಗಬೇಡಿ

ಬಳ್ಳಾರಿಯವರೇ, 'ಬಾಡಿಗೆ ಮನೆಯಿಂದ ತಿಂಗಳ ಆದಾಯ, ಒಂದೇ ದಿನದಲ್ಲಿ ಕಲಿಯಿರಿ' ಅಂತ ಫೋನ್ ಬಂದರೆ ಇಟ್ಟುಬಿಡಿ. ನಾನು ಇಡಲಿಲ್ಲ. 18,000 ಫೀ, ಮೇಲೆ 25,000 ಟೋಕನ್ ಅಡ್ವಾನ್ಸ್. ಎರಡೂ ಹೋದವು.

ಹೇಳೋಕೆ ನಾಚಿಕೆ. ಜೀನ್ಸ್ ಹೊಲಿಸೋ ಸಣ್ಣ ಯೂನಿಟ್ ನನ್ನದು. ಜಿಪ್ಪಿಗೆ ಐವತ್ತು ಪೈಸೆ ಜಾಸ್ತಿ ಹೇಳಿದರೆ ಅರ್ಧ ಗಂಟೆ ಜಗಳ ಆಡುವವನು. ಆ ಎಸಿ ಹಾಲ್‌ನಲ್ಲಿ ಮಾತ್ರ ಬಾಯಿ ಬಿಡಲಿಲ್ಲ.

ಬೆಳಿಗ್ಗೆ ಬೋರ್ಡ್ ಮೇಲೆ ಲೆಕ್ಕ. ಮನೆ 50 ಲಕ್ಷ, ಬಾಡಿಗೆ 25,000, ವರ್ಷಕ್ಕೆ 3 ಲಕ್ಷ, ಅಂದರೆ 6%. ಚಪ್ಪಾಳೆ. ನಾನೂ ತಟ್ಟಿದೆ! ನಮ್ಮ ಓಣಿಯಲ್ಲಿ ಅಂಥ ಮನೆಗೆ 12,000 ಬಂದರೆ ದೊಡ್ಡದು. ಸ್ಟಾಂಪ್ ಡ್ಯೂಟಿ 5%, ರಿಜಿಸ್ಟ್ರೇಷನ್ 2%, ಅದೇ ಮೂರೂವರೆ ಲಕ್ಷ. ಸೆಸ್ಸು ಬೇರೆ. ವರ್ಷಕ್ಕೆ ಒಂದು ತಿಂಗಳು ಮನೆ ಖಾಲಿ ಅಂತ ಇಟ್ಕೊಳ್ಳಿ. ಸುಣ್ಣಬಣ್ಣ, ಕಂದಾಯ, ನಲ್ಲಿ ರಿಪೇರಿ ಅಂತ 20,000. ಕೈಗೆ ಉಳಿಯೋದು 1,12,000. ಹಾಕಿದ್ದು ಐವತ್ತಮೂರೂವರೆ ಲಕ್ಷ. ಎರಡು ಪರ್ಸೆಂಟು ಚಿಲ್ಲರೆ! ಬ್ಯಾಂಕಿನ ಎಫ್‌ಡಿ ಇದಕ್ಕಿಂತ ಮೇಲು. ಇದು ಮೊದಲ ಪಾಠ ಆಗಬೇಕಿತ್ತು ಅಲ್ವಾ? ಇದನ್ನೇ ಹೇಳಲಿಲ್ಲ. ಬಾಡಿಗೆಯಲ್ಲಿ ಕಂದಾಯ ಕಳೆದು, ಉಳಿದಿದ್ದರಲ್ಲಿ 30% ಬಿಟ್ಟು ಇನ್‌ಕಮ್ ಟ್ಯಾಕ್ಸ್ ಲೆಕ್ಕ ಹಾಕ್ತಾರೆ ಅನ್ನೋದನ್ನೂ ನಮ್ಮ ಆಡಿಟರ್ ಪುಕ್ಕಟೆ ಹೇಳಿದರು.

ಊಟ ಆದ ಮೇಲೆ ಒಬ್ಬ 'ಹಳೇ ವಿದ್ಯಾರ್ಥಿ' ಎದ್ದ. ತೋರಣಗಲ್ಲಿನಲ್ಲಿ ನಾಲ್ಕು ಮನೆ ಮಾಡಿದ್ದೀನಿ, ಫ್ಯಾಕ್ಟರಿಯವರು ಬಾಡಿಗೆಗೆ ಕ್ಯೂ ನಿಲ್ತಾರೆ ಅಂದ. ಕಣ್ಣಲ್ಲಿ ನೀರು ಬೇರೆ. ಆಮೇಲೆ ಅದೇ ರಸ್ತೆಯ ಸೈಟು ತೋರಿಸಿದರು. ಇವತ್ತು ಮಾತ್ರ ಈ ರೇಟು ಅಂತ. ಟೋಕನ್ ಕೊಟ್ಟೆ. ಬಾಡಿಗೆ ಕಲಿಯೋಕೆ ಹೋದವನು ಖಾಲಿ ಸೈಟಿಗೆ ದುಡ್ಡು ಕಟ್ಟಿದೆ. ಖಾಲಿ ಸೈಟಿಗೆ ಯಾರಪ್ಪಾ ಬಾಡಿಗೆ ಕೊಡ್ತಾರೆ?

ಸಂಜೆ ಗಾಡಿ ತೆಗೆಯೋಕೆ ಹೋದೆ. ಆ ಹಳೇ ವಿದ್ಯಾರ್ಥಿ ಕ್ಲಾಸ್‌ನವರದೇ ಕಾರಿಗೆ ಬ್ಯಾನರ್ ಸುತ್ತಿ ತುಂಬುತ್ತಿದ್ದ. ನನ್ನನ್ನು ನೋಡಿ ನಕ್ಕ. ಆ ನಗು ಇನ್ನೂ ಮರೆತಿಲ್ಲ.

ಮರುದಿನ ಫೋನ್ ಮಾಡಿದೆ. ಸೈಟಿಗೆ ಇ-ಖಾತಾ, ಅಂದರೆ ಆಸ್ತಿಯ ಆನ್‌ಲೈನ್ ದಾಖಲೆ, ಇದೆಯಾ?

"ಪ್ರೊಸೆಸ್‌ನಲ್ಲಿದೆ ಸರ್."

ಎನ್‌ಎ, ಅಂದರೆ ಹೊಲವನ್ನು ಕೃಷಿಯೇತರ ಜಮೀನು ಮಾಡಿಸೋದು, ಆಗಿದೆಯಾ?

"ಅದೂ ಪ್ರೊಸೆಸ್‌ನಲ್ಲಿದೆ."

ಹಾಗಾದರೆ ಟೋಕನ್ ವಾಪಸ್ ಕೊಡಿ.

"ಟೋಕನ್ ವಾಪಸ್ ಇಲ್ಲ ಅಂತ ರಸೀದಿಯಲ್ಲೇ ಇದೆ ಸರ್, ಓದಿಲ್ವಾ?"

ಇತ್ತು. ಹಿಂದುಗಡೆ, ಇರುವೆ ಸಾಲಿನಂಥ ಅಕ್ಷರದಲ್ಲಿ.

ಫೀ ಆದರೂ ಕೊಡಿ ಅಂದೆ. "ಜ್ಞಾನಕ್ಕೆ ರಿಫಂಡ್ ಇರಲ್ಲ ಸರ್. ನಿಮಗೆ ಇನ್ವೆಸ್ಟರ್ ಮೈಂಡ್‌ಸೆಟ್ ಬಂದಿಲ್ಲ." ನನ್ನ ದುಡ್ಡು ತಿಂದು ನನಗೇ ಬೈಗುಳ!

ಕಲಿಯಬೇಕು ಅಂದರೆ ನಿಮ್ಮ ಓಣಿಯಲ್ಲಿ ಹತ್ತು ಮನೆ ಬಾಡಿಗೆ ಕೇಳಿ, ಸಾಕು. ಇಸಿ (ಆಸ್ತಿ ಮೇಲೆ ಸಾಲ, ಋಣ ಇದೆಯಾ ಅಂತ ತೋರಿಸೋ ಪತ್ರ), ಖಾತಾ ನೋಡದೆ ಒಂದು ರೂಪಾಯಿ ಬಿಚ್ಚಬೇಡಿ. ಕಣ್ಣೀರು ಹಾಕುವವನ ಪಕ್ಕದಲ್ಲಂತೂ ಕೂರಲೇಬೇಡಿ.

ನಿನ್ನೆ ಮತ್ತೆ ಮೆಸೇಜ್ ಬಂತು. ಹಳೇ ವಿದ್ಯಾರ್ಥಿಗಳಿಗೆ ಅರ್ಧ ಫೀ ಅಂತೆ. ಮುಂದಿನ ಭಾನುವಾರ, ಕೊಪ್ಪಳದಲ್ಲಿ.